ನೈಜರಿನ ರಾಯಭಾರ, ಪ್ಯಾರಿಸ್ಸಿನ ವಿಳಾಸ

ಯಾವುದನ್ನು ಸರ್ಕಾರ ಅನ್ನಬೇಕು ಎಂದು ರಾಜ್ಯಶಾಸ್ತ್ರದ ಮೇಷ್ಟ್ರುಗಳು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಫ್ರಾನ್ಸ್ ಆ ಗೋಜಲನ್ನು 2023ರಲ್ಲೇ ಬಿಡಿಸಿಬಿಟ್ಟಿದೆ. ನಮಗೆ ‘ಇಲ್ಲೇ ಇರಿ’ ಅನ್ನುವವರು ಸರ್ಕಾರ, ‘ಹೋಗಿ’ ಅನ್ನುವವರು ದಂಗೆಕೋರರು.

ಆ ವರ್ಷ ಜುಲೈ 26ರಂದು ಪಶ್ಚಿಮ ಆಫ್ರಿಕದ ನೈಜರಿನಲ್ಲಿ ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನು ಅವರದೇ ಕಾವಲು ಪಡೆ ಕೂಡಿಹಾಕಿತು. ಬೇಲಿಯೇ ಎದ್ದು ಹೊಲ ಮೇಯಿತು. ಪಡೆಯ ಮುಖ್ಯಸ್ಥ ಜನರಲ್ ತಿಯಾನಿ ಟೀವಿಯಲ್ಲಿ ಕಾಣಿಸಿಕೊಂಡು, ದೇಶದ ಭದ್ರತೆ ಹದಗೆಟ್ಟಿದೆ, ಅದಕ್ಕೇ ಹೀಗೆ ಮಾಡಬೇಕಾಯಿತು ಎಂದರು. ಅಧ್ಯಕ್ಷರ ಭದ್ರತೆಯ ಮಟ್ಟಿಗಂತೂ ಅವರ ಮಾತನ್ನು ಅಲ್ಲಗಳೆಯುವಂತಿರಲಿಲ್ಲ.

ಆಗಸ್ಟ್ 25ಕ್ಕೆ ಫ್ರಾನ್ಸಿನ ರಾಯಭಾರಿ ಸಿಲ್ವಾನ್ ಇತ್ತೆ ಅವರಿಗೆ ಸೇನಾಡಳಿತದಿಂದ ಆಜ್ಞೆ ಬಂತು: 48 ಗಂಟೆಯಲ್ಲಿ ಜಾಗ ಖಾಲಿ ಮಾಡಿ. 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿಯ ಪ್ರಕಾರ ಯಾವ ದೇಶವೂ ಕಾರಣ ಕೊಡದೆ ರಾಯಭಾರಿಯನ್ನು ಬೇಡ ಅನ್ನಬಹುದು. ಪ್ಯಾರಿಸ್ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಹಾಗನ್ನುವ ಅಧಿಕಾರ ಬಜೂಮ್ ಅವರಿಗೆ ಮಾತ್ರ ಎಂದಿತು. ಅಂದರೆ, ಹೊರಗೆ ಕಾಲಿಡಲಾಗದವರು ಸಹಿ ಹಾಕಿದರೆ ಮಾತ್ರ ರಾಯಭಾರಿ ಹೊರಗೆ ಹೋಗುತ್ತಾರೆ!

ಫ್ರಾನ್ಸಿಗೆ ಸಂವಿಧಾನದ ಮೇಲೆ ಎಂಥ ಭಕ್ತಿ ಎಂದು ಕಣ್ಣೊರೆಸಿಕೊಳ್ಳುವ ಮೊದಲು ಪಕ್ಕದ ಚಾಡ್ ದೇಶವನ್ನು ನೋಡಬೇಕು. 2021ರಲ್ಲಿ ಅಲ್ಲಿನ ಅಧ್ಯಕ್ಷ ಇದ್ರಿಸ್ ದೇಬಿ ತೀರಿಕೊಂಡಾಗ ಸಂವಿಧಾನವನ್ನು ಬದಿಗಿಟ್ಟು ಸೇನೆ ಜನರಲ್ ಆಗಿದ್ದ ಅವರ ಮಗನನ್ನೇ ಗದ್ದುಗೆಗೇರಿಸಿತು. ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಅಂತ್ಯಕ್ರಿಯೆಗೆ ಖುದ್ದಾಗಿ ಹೋಗಿ, ಆ ಮಗನ ಜೊತೆಗೇ ಕೂತು ಬಂದರು. ಆ ಜನರಲ್ ‘ಹೋಗಿ’ ಅಂದಿರಲಿಲ್ಲವಲ್ಲ.

ಇತ್ತ ನೈಜರಿನ ರಾಜಧಾನಿ ನಿಯಾಮೆಯಲ್ಲಿ 48 ಗಂಟೆ ಕಳೆಯಿತು, ವಾರಗಳೂ ಕಳೆದವು. ಸೆಪ್ಟೆಂಬರ್ ನಡುವಿಗೆ ಮ್ಯಾಕ್ರಾನ್ ದುಗುಡದಿಂದ ಹೇಳಿದರು: ನಮ್ಮ ರಾಯಭಾರಿಯನ್ನು ಒತ್ತೆ ಇಟ್ಟುಕೊಂಡಿದ್ದಾರೆ, ಊಟ ಒಳಗೆ ಬಿಡುತ್ತಿಲ್ಲ, ಸೈನ್ಯದ ಪೊಟ್ಟಣದ ಊಟದಲ್ಲೇ ದಿನ ದೂಡುತ್ತಿದ್ದಾರೆ. ಒತ್ತೆ ಇಟ್ಟುಕೊಂಡವರೇ ‘ದಯವಿಟ್ಟು ಹೊರಡಿ’ ಎಂದು ಗೋಗರೆಯುವ ಪ್ರಕರಣ ಜಗತ್ತಿನಲ್ಲಿ ಅಪರೂಪ. ಊಟಕ್ಕೆ ಹೆಸರಾದ ದೇಶದ ಪ್ರತಿನಿಧಿಗೆ ಡಬ್ಬಿ ಅನ್ನದ ಶಿಕ್ಷೆ ಬೇರೆ.

ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲೂ ಇಂಥದೇ ಆಟ. ನೈಜರಿನ ರಾಯಭಾರಿಯನ್ನು ಸೇನಾಡಳಿತ ವಜಾ ಮಾಡಿತ್ತು. ಅವರು ಒಪ್ಪಲಿಲ್ಲ, ತಾನು ಬಜೂಮ್ ಅವರ ರಾಯಭಾರಿ ಎಂದರು. ಹೋಗೆಂದರೂ ಹೋಗದವರು ಅಲ್ಲೊಬ್ಬರು, ಇಲ್ಲೊಬ್ಬರು. ಎರಡು ದೇಶಗಳ ನಡುವೆ ಇಷ್ಟು ಹೊಂದಾಣಿಕೆ ಹಿಂದೆಂದೂ ಇದ್ದಂತಿಲ್ಲ.

ಕಡೆಗೆ ಸೆಪ್ಟೆಂಬರ್ 24ರಂದು ಮ್ಯಾಕ್ರಾನ್ ಟೀವಿಯಲ್ಲಿ, ರಾಯಭಾರಿಯೂ ನೈಜರಿನಲ್ಲಿರುವ ನಮ್ಮ ಸುಮಾರು 1,500 ಸೈನಿಕರೂ ವಾಪಸ್ ಬರುತ್ತಾರೆ ಎಂದರು. ಯಾರೋ ಹೇಳಿದ್ದಕ್ಕಲ್ಲ, ನಮ್ಮದೇ ತೀರ್ಮಾನ! ಬಜೂಮ್ ಅವರಿಗೂ ಫೋನ್ ಮಾಡಿ ತಿಳಿಸಿದ್ದಾಯಿತು. ಕೂಡಿಹಾಕಲ್ಪಟ್ಟವರಿಗೆ ಫೋನ್ ಮಾಡಿ ‘ನಾವು ಹೊರಟೆವು’ ಅನ್ನುವುದು ಎಂಥ ಸೌಜನ್ಯ.

ಜನರಲ್ ಕಡೆಯವರೂ ಕಡಿಮೆಯಿಲ್ಲ. ಸಾರ್ವಭೌಮತ್ವದ ಹೊಸ ಯುಗ ಎಂದು ಕೊಂಡಾಡಿದರು. 2025ರ ಮಾರ್ಚಿನಲ್ಲಿ ತಿಯಾನಿ ಐದು ವರ್ಷದ ಮಟ್ಟಿಗೆ ಅಧ್ಯಕ್ಷಗಿರಿಯ ಪ್ರಮಾಣ ತೆಗೆದುಕೊಂಡು, ರಾಜಕೀಯ ಪಕ್ಷಗಳನ್ನೆಲ್ಲ ವಿಸರ್ಜಿಸಿದರು. ಸಾರ್ವಭೌಮತ್ವ ಬಂತು, ಮತದಾರರಿಗೆ ಮಾತ್ರ ರಜೆ.

2023ರ ಡಿಸೆಂಬರಿನಲ್ಲಿ ಕೊನೆಯ ಫ್ರೆಂಚ್ ಸೈನಿಕರು ಹೊರಟರು. ನಿಯಾಮೆಯ ರಾಯಭಾರ ಕಚೇರಿಯನ್ನು ಮುಚ್ಚುತ್ತೇವೆ, ಅದರ ಕೆಲಸ ಪ್ಯಾರಿಸ್ಸಿನಿಂದಲೇ ಮುಂದುವರಿಯುತ್ತದೆ ಎಂದು ಫ್ರಾನ್ಸ್ ಪ್ರಕಟಿಸಿತು. ಹೀಗೆ ನೈಜರಿನ ಫ್ರಾನ್ಸ್ ರಾಯಭಾರವೂ ಫ್ರಾನ್ಸಿನ ನೈಜರ್ ರಾಯಭಾರವೂ ಒಂದೇ ಊರಿನವಾದವು. ಇನ್ನು ಮೇಲೆ ಯಾರಾದರೂ ಯಾರನ್ನಾದರೂ ಹೊರಹಾಕಬೇಕೆಂದರೆ 48 ಗಂಟೆಯ ಗಡುವು ಬೇಕಿಲ್ಲ, ಒಂದು ಮೆಟ್ರೊ ಟಿಕೆಟ್ ಸಾಕು.