ಯುರೇಕಾ ದಂಗೆಯ ಟಿವಿ ಕಥೆಗೆ ಒಬ್ಬ ಹೀರೋ ಸಾಕಾ?

ಮೆಲ್ಬರ್ನ್‌ನಲ್ಲಿರುವ ಮಕ್ಕಳನ್ನು ನೋಡಲು ಹೋದ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಬಲ್ಲರಾಟ್ ಪ್ರವಾಸ ಹೆಚ್ಚುಕಡಿಮೆ ಗ್ಯಾರಂಟಿ. ಅಲ್ಲಿನ ಸಾವರಿನ್ ಹಿಲ್‌ನಲ್ಲಿ ಹಳೇ ಕಾಲದ ಗಣಿ ಊರನ್ನು ಹಾಗೇ ಕಟ್ಟಿ ನಿಲ್ಲಿಸಿದ್ದಾರೆ. ತೊರೆಯ ಮರಳನ್ನು ತಟ್ಟೆಯಲ್ಲಿ ಜಾಲಿಸಿ, ಸಾಸಿವೆಗಿಂತ ಚಿಕ್ಕ ಚಿನ್ನದ ಚೂರು ಸಿಕ್ಕರೆ ಫೋಟೋ ತೆಗೆಸಿಕೊಂಡು ಬರಬಹುದು. ಚಿನ್ನ ಅಗೆಯುವ ಲೈಸೆನ್ಸ್ ತೋರಿಸು ಅಂತ ಯಾರೂ ಕೇಳಲ್ಲ.

1854ರಲ್ಲಿ ಕೇಳುತ್ತಿದ್ದರು. ಅದೇ ಸಿಟ್ಟು ಬೆಳೆದು ದಂಗೆಯಾಯಿತು. ಆ ವರ್ಷ ಡಿಸೆಂಬರ್ 3ರ ಭಾನುವಾರ, ಇನ್ನೂ ಬೆಳಕು ಹರಿಯುವ ಮೊದಲೇ, ಸೈನಿಕರೂ ಪೊಲೀಸರೂ ಗಣಿಗಾರರ ಮರದ ತಡೆಬೇಲಿಯ ಮೇಲೆ ನುಗ್ಗಿದರು. ಹದಿನೈದಿಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಗಣಿಗಾರರಲ್ಲಿ ಕಡಿಮೆ ಅಂದರೂ 22 ಜನ ಸತ್ತರು, ಸರ್ಕಾರದ ಕಡೆಯೂ ಐದಾರು ಹೆಣ ಬಿತ್ತು. ಇದೇ ಯುರೇಕಾ ಸ್ಟಾಕೇಡ್. 1949ರಲ್ಲಿ ಇದು ಸಿನಿಮಾ ಆಯಿತು, ನಟ ಚಿಪ್ಸ್ ರಾಫರ್ಟಿ ಗಣಿಗಾರರ ನಾಯಕ ಪೀಟರ್ ಲಾಲರ್ ಆದ. 1984ರಲ್ಲಿ ಟಿವಿ ಕಿರುಸರಣಿ ಬಂತು, ಬ್ರಯಾನ್ ಬ್ರೌನ್ ಪೀಟರ್ ಲಾಲರ್ ಆದ. ಎರಡು ಸಲವೂ ಪೋಸ್ಟರ್ ಮುಖ ಲಾಲರನದೇ.

ಸಾವಿರಾರು ಜನರ ದಂಗೆಯನ್ನು ಟಿವಿಗೆ ತರುವಾಗ ಹೀಗೆ ಒಬ್ಬನ ಸುತ್ತ ಕಥೆ ಕಟ್ಟುವುದು ಸರಿಯಾ? ಎರಡೂ ಕಡೆಯ ವಾದ ನಾನೇ ಬರೆಯುತ್ತಿದ್ದೇನೆ. ನನ್ನ ಮನಸ್ಸು ಯಾವ ಕಡೆ ಅನ್ನೋದನ್ನು ಮುಚ್ಚಿಡೋಕೂ ಹೋಗಿಲ್ಲ.

ಪರ: ಒಂದು ಮುಖ ಬೇಕೇ ಬೇಕು

ಮೊದಲು ಲೈಸೆನ್ಸ್ ವಿಷಯ ನೋಡೋಣ. 1851ರಲ್ಲಿ ವಿಕ್ಟೋರಿಯಾದಲ್ಲಿ, ಅಂದರೆ ಮೆಲ್ಬರ್ನ್, ಬಲ್ಲರಾಟ್ ಇರುವ ಆಗಿನ ಬ್ರಿಟಿಷ್ ವಸಾಹತಿನಲ್ಲಿ, ಚಿನ್ನ ಸಿಕ್ಕಿತು. ಅಗೆಯುವವರೆಲ್ಲ ತಿಂಗಳಿಗೆ 30 ಶಿಲ್ಲಿಂಗ್ ಕಟ್ಟಬೇಕು ಅಂತ ಸರ್ಕಾರ ಹೇಳಿತು. ಚಿನ್ನ ಸಿಗಲಿ ಬಿಡಲಿ, ದುಡ್ಡು ಕಟ್ಟಲೇಬೇಕು. ಬಲ್ಲರಾಟ್‌ನ ತಾಪತ್ರಯ ಏನಪ್ಪಾ ಅಂದರೆ, ಅಲ್ಲಿ ಚಿನ್ನ ಇದ್ದದ್ದು ಮಣ್ಣಿನಡಿ ಹೂತುಹೋದ ಹಳೇ ಹೊಳೆಗಳ ತಳದಲ್ಲಿ. ನೂರು ಅಡಿಗಿಂತ ಆಳಕ್ಕೆ ಶಾಫ್ಟ್ ಇಳಿಸಬೇಕು, ಗೋಡೆ ಕುಸಿಯದ ಹಾಗೆ ಹಲಗೆ ಕೊಡಬೇಕು, ನೀರು ಎತ್ತಿ ಹಾಕುತ್ತಲೇ ಇರಬೇಕು. ನಾಲ್ಕಾರು ಜನ ಸೇರಿ ತಿಂಗಳುಗಟ್ಟಲೆ ಅಗೆದು ಕೊನೆಗೆ ಬರೀ ಕೆಸರು ಸಿಕ್ಕಿದ್ದೂ ಇದೆ. ಅಷ್ಟೂ ತಿಂಗಳು ಲೈಸೆನ್ಸ್ ದುಡ್ಡು ಮಾತ್ರ ಹೋಗುತ್ತಲೇ ಇರುತ್ತದೆ. ಆ ಕಾಗದ ಸದಾ ಮೈಮೇಲಿರಬೇಕು ಬೇರೆ. ಒದ್ದೆ ಬಟ್ಟೆಯಲ್ಲಿ ಕಾಗದ ಎಷ್ಟು ದಿನ ಉಳಿಯುತ್ತೆ ಹೇಳಿ. ಪೊಲೀಸರು ಬಂದಾಗ ಅಷ್ಟು ಆಳದಿಂದ ಹತ್ತಿ ಬಂದು ತೋರಿಸಬೇಕು. ಇಲ್ಲದಿದ್ದರೆ 5 ಪೌಂಡ್ ದಂಡ. ಲಾಕಪ್ಪಿನಲ್ಲಿ ಜಾಗ ಇಲ್ಲದಿದ್ದರೆ ಮರದ ದಿಮ್ಮಿಗೆ ಸರಪಳಿ ಹಾಕಿ ಕಟ್ಟುತ್ತಿದ್ದರು. 1854ರಲ್ಲಿ ಹೊಸ ಗವರ್ನರ್ ಚಾರ್ಲ್ಸ್ ಹೋಥಮ್ ಬಂದ ಮೇಲೆ ಈ ತಪಾಸಣೆ ವಾರಕ್ಕೆ ಎರಡು ಸಲ ಆಯಿತು. ಪೊಲೀಸರು ದೂರದಲ್ಲಿ ಕಂಡರೆ ಸಾಕು, ಡೇರೆಯಿಂದ ಡೇರೆಗೆ "ಜೋ! ಜೋ!" ಅಂತ ಕೂಗು ಹಬ್ಬುತ್ತಿತ್ತು.

ಈಗ ಇದಿಷ್ಟನ್ನೂ ಟಿವಿಯಲ್ಲಿ ಹೇಗೆ ಹೇಳುತ್ತೀರಿ? ಶುಲ್ಕ, ಆಳ, ದಂಡ ಅಂತ ಹಿನ್ನೆಲೆ ದನಿಯಲ್ಲಿ ವಿವರಿಸಲು ಕೂತರೆ ಜನ ಚಾನೆಲ್ ಬದಲಾಯಿಸಿ ಕ್ರಿಕೆಟ್ ಹಾಕಿಕೊಳ್ಳುತ್ತಾರೆ. ಅದೇ, ಮೈಯೆಲ್ಲ ಕೆಸರಾದ ಒಬ್ಬ ಮನುಷ್ಯ ಒಂದೇ ದಿನ ಮೂರನೇ ಸಲ ಹಗ್ಗ ಹಿಡಿದು ಮೇಲೆ ಬಂದು, ನೆನೆದು ಮುದ್ದೆಯಾದ ಕಾಗದವನ್ನು ಕುದುರೆ ಮೇಲಿನ ಪೊಲೀಸನಿಗೆ ತೋರಿಸುವುದನ್ನು ಅರ್ಧ ನಿಮಿಷ ತೋರಿಸಿ, ಮಾತೇ ಬೇಡ.

ಆ ಮನುಷ್ಯ ಲಾಲರ್ ಆದರೆ ಬರಹಗಾರ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಐರ್ಲೆಂಡಿನವನು, ಎಂಜಿನಿಯರ್. ಅಪ್ಪ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾಗಿದ್ದ. ಅಣ್ಣ ಜೇಮ್ಸ್ ಫಿಂಟನ್ ಲಾಲರ್ ಐರಿಷ್ ರೈತರ ಪರ ಬೆಂಕಿಯಂಥ ಲೇಖನ ಬರೆದವನು. ಇಂಥ ಮನೆಯಿಂದ ಬಂದರೂ ಇವನು ರಾಜಕೀಯದಿಂದ ದೂರವೇ ಇದ್ದ. ನವೆಂಬರ್ 30ರಂದು ಮತ್ತೊಂದು ಲೈಸೆನ್ಸ್ ತಪಾಸಣೆ ನಡೆದು ಕಲ್ಲು ತೂರಾಟವಾಯಿತು. ಜನ ಬೇಕರಿ ಹಿಲ್ ಎಂಬ ದಿಣ್ಣೆಯಲ್ಲಿ ಸೇರಿದರು. ಮುಂದೆ ನಿಂತು ಮಾತಾಡುವವರೇ ಇಲ್ಲ. ಆಗ ಇವನು ಕೈಯಲ್ಲಿ ಬಂದೂಕು ಹಿಡಿದು ಮರದ ಬೊಡ್ಡೆ ಹತ್ತಿದ. ನೀಲಿ ಬಟ್ಟೆಯ ಮೇಲೆ ಬಿಳಿ ಶಿಲುಬೆ, ಅದರ ಮೇಲೆ ಐದು ನಕ್ಷತ್ರ ಇದ್ದ ಬಾವುಟದ ಕೆಳಗೆ ಎಲ್ಲರ ಕೈಲಿ ಪ್ರಮಾಣ ಮಾಡಿಸಿದ.

ಮೂರು ದಿನಕ್ಕೆ ಭುಜಕ್ಕೆ ಗುಂಡು ಬಿತ್ತು. ಜೊತೆಯವರು ಹಲಗೆಗಳ ಕೆಳಗೆ ಬಚ್ಚಿಟ್ಟು ಉಳಿಸಿದರು. ಆಮೇಲೆ ಎಡಗೈ ಕತ್ತರಿಸಬೇಕಾಯಿತು. ಸರ್ಕಾರ 200 ಪೌಂಡ್ ಬಹುಮಾನದ ಪೋಸ್ಟರ್ ಅಂಟಿಸಿತು. ಅದರಲ್ಲಿ ಅವನ ಚಹರೆ ಬರೆಯುತ್ತಾ ನೋಡಲು ಚೆನ್ನಾಗಿದ್ದಾನೆ, ಒಳ್ಳೆ ಮೈಕಟ್ಟು ಅಂತಲೂ ಸೇರಿಸಿದ್ದಾರೆ! ಹೀರೋ ಆಯ್ಕೆ ಸರ್ಕಾರವೇ ಮಾಡಿಕೊಟ್ಟ ಹಾಗಾಯಿತು. (ವಯಸ್ಸು 35 ಅಂತ ಬರೆದಿದ್ದರು, ಅವನಿಗೆ ಆಗ 27. ಒಂದು ಕೈಯಿಲ್ಲದವನು ಸಿಗಲಿಲ್ಲ ಅಂದರೆ ಪೊಲೀಸರ ಯೋಗ್ಯತೆ ಎಷ್ಟಿತ್ತು ನೋಡಿ.) ಜೀಲಾಂಗ್‌ನಲ್ಲಿ ಅಲಿಷಿಯಾ ಡನ್ ಎಂಬ ಶಿಕ್ಷಕಿಯ ಜೊತೆ ಅವನ ಮದುವೆ ಮೊದಲೇ ನಿಶ್ಚಯವಾಗಿತ್ತು. 1855ರಲ್ಲಿ ಅದೂ ಆಯಿತು. ಅದೇ ವರ್ಷ ನವೆಂಬರಿನಲ್ಲಿ, ತಲೆಗೆ ಬೆಲೆ ಕಟ್ಟಿಸಿಕೊಂಡ ಹನ್ನೊಂದು ತಿಂಗಳಿಗೇ, ಶಾಸನ ಸಭೆಗೆ ಆಯ್ಕೆಯಾದ. ಇಷ್ಟೆಲ್ಲ ತಾನಾಗಿಯೇ ಇರುವಾಗ ಇವನನ್ನು ಬಿಟ್ಟು ಬೇರೆಯವರ ಕಥೆ ಹೇಳಿ ಅಂದರೆ ಯಾವ ನಿರ್ದೇಶಕ ಒಪ್ಪುತ್ತಾನೆ?

ಟಿವಿಯವರು ಇತಿಹಾಸ ಕೆಡಿಸುತ್ತಾರೆ ಅಂತ ಬೈಯುವವರಿಗೆ ಒಂದು ವಿಷಯ. ದಂಗೆಗೆ ಕೆಲವೇ ದಿನ ಮೊದಲು ನಡೆದ ಗಲಾಟೆಯಲ್ಲಿ ಜಾನ್ ಈಗನ್ ಎಂಬ ಸೇನೆಯ ಡೋಲು ಹುಡುಗನಿಗೆ ಪೆಟ್ಟಾಯಿತು. ಅವನು ಸತ್ತೇಹೋದ ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು, ಬಲ್ಲರಾಟ್‌ನಲ್ಲಿ ಸ್ಮಾರಕವನ್ನೂ ನಿಲ್ಲಿಸಿದ್ದರು. ಆಮೇಲೆ ದಾಖಲೆ ತೆಗೆದು ನೋಡಿದರೆ ಆಸಾಮಿ ಚೇತರಿಸಿಕೊಂಡು 1860ರವರೆಗೆ ಬದುಕಿದ್ದ. ಕಲ್ಲಿನಲ್ಲಿ ಕೆತ್ತಿದ್ದೇ ತಪ್ಪಾಗುವಾಗ ಧಾರಾವಾಹಿಯನ್ನು ಮಾತ್ರ ಕಟಕಟೆಗೆ ನಿಲ್ಲಿಸುವುದು ಯಾಕೆ?

ಇನ್ನು ನಮ್ಮಂಥ ದೂರದವರ ಮಾತು. ಹೊಸಬನಿಗೆ ಹತ್ತು ನಾಯಕರ ಹೆಸರು ಒಟ್ಟಿಗೆ ಹೇಳಿದರೆ ಒಂದೂ ನೆನಪಿರಲ್ಲ. ಜಾತ್ರೆಗೆ ಹೋದವನಿಗೆ ಮೊದಲು ತೇರು ಕಾಣಬೇಕು. ಅಂಗಡಿ ಬೀದಿ ಆಮೇಲೆ ಸುತ್ತಿಕೊಳ್ಳುತ್ತಾನೆ.

ವಿರೋಧ: ತೇರು ಎಳೆದವರು ಎಲ್ಲಿ?

ಲಾಲರ್ ನಾಯಕನಾಗಿದ್ದು ನವೆಂಬರ್ 30ರಿಂದ ಡಿಸೆಂಬರ್ 3ರ ನಸುಕಿನ ತನಕ. ಎಣಿಸಿ ನೋಡಿ, ನಾಲ್ಕು ದಿನವೂ ಪೂರ್ತಿ ಆಗಲ್ಲ. ಲೈಸೆನ್ಸ್ ವಿರುದ್ಧದ ಹೋರಾಟಕ್ಕೆ ಆಗಲೇ ಮೂರು ವರ್ಷ ತುಂಬಿತ್ತು.

1853ರಲ್ಲಿ ವಿಕ್ಟೋರಿಯಾದ ಇನ್ನೊಂದು ಗಣಿ ಊರಾದ ಬೆಂಡಿಗೊದ ಗಣಿಗಾರರು ಒಂದು ಮನವಿ ಬರೆದರು. ಐದು ಸಾವಿರಕ್ಕೂ ಜಾಸ್ತಿ ಜನರ ಸಹಿ. ಕಾಗದದ ಹಾಳೆಗಳನ್ನು ಒಂದಕ್ಕೊಂದು ಸೇರಿಸಿದಾಗ 13 ಮೀಟರ್ ಉದ್ದ ಬಂತು, ಹಸಿರು ರೇಷ್ಮೆಯ ಅಂಚು ಕಟ್ಟಿದರು. ಅದು ಇವತ್ತಿಗೂ ಮೆಲ್ಬರ್ನ್‌ನ ಸ್ಟೇಟ್ ಲೈಬ್ರರಿಯಲ್ಲಿದೆ. ಹಳೇ ಶುಲ್ಕ ಕಟ್ಟಲ್ಲ ಅನ್ನುವವರು ಟೋಪಿಗೆ ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು ಓಡಾಡಿದರು. ಅದರ ಫಲವಾಗಿ ಶುಲ್ಕ ತಿಂಗಳಿಗೆ 1 ಪೌಂಡಿಗೆ ಇಳಿಯಿತು. ಒಂದು ಗುಂಡೂ ಹಾರಲಿಲ್ಲ. ಇದು ಗೆಲುವಲ್ವಾ? ಆದರೆ ಗುಂಡು ಹಾರದ ಗೆಲುವು ಕ್ಯಾಮೆರಾಕ್ಕೆ ಸಪ್ಪೆ. ಡೇರೆಯಲ್ಲಿ ದೀಪದ ಮುಂದೆ ಕೂತು ಸಹಿ ಹಾಕುತ್ತಿರುವವನ ಹಿಂದೆ ಎಷ್ಟು ತಮಟೆ ಬಾರಿಸಿದರೂ ರೋಮಾಂಚನ ಆಗಲ್ಲ ಅಂತ ಟಿವಿಯವರ ಲೆಕ್ಕ.

1854ರ ಅಕ್ಟೋಬರಿನಲ್ಲಿ ಜೇಮ್ಸ್ ಸ್ಕೋಬಿ ಎಂಬ ಸ್ಕಾಟಿಷ್ ಗಣಿಗಾರನನ್ನು ಯುರೇಕಾ ಹೋಟೆಲ್ ಹತ್ತಿರ ಹೊಡೆದು ಸಾಯಿಸಿದರು. ಕೊಲೆಯ ಆರೋಪ ಹೊತ್ತ ಹೋಟೆಲ್ ಮಾಲೀಕ ಬೆಂಟ್ಲಿಯನ್ನು ಅವನ ಸ್ನೇಹಿತನೇ ಆದ ಮ್ಯಾಜಿಸ್ಟ್ರೇಟ್ ಬಿಟ್ಟು ಕಳಿಸಿದ. ಸಾವಿರಾರು ಜನ ಸೇರಿ ಹೋಟೆಲ್ ಸುಟ್ಟರು. ಅದರ ಬೆನ್ನಿಗೇ ನವೆಂಬರ್ 11ರಂದು ಬಲ್ಲರಾಟ್ ರಿಫಾರ್ಮ್ ಲೀಗ್ ಹುಟ್ಟಿತು. ಅದರ ಮುಂದಾಳು ಜೆ. ಬಿ. ಹಂಫ್ರೇ. ವೇಲ್ಸ್‌ನವನು, ದುಡಿಯುವವರಿಗೂ ಮತ ಬೇಕು ಅಂತ ಬ್ರಿಟನ್ನಿನಲ್ಲಿ ಎದ್ದ ಚಾರ್ಟಿಸ್ಟ್ ಚಳವಳಿಯ ಪಾಠ ಕಲಿತು ಬಂದವನು. ಲೀಗ್ ಕೇಳಿದ್ದು ಬರೀ ಲೈಸೆನ್ಸ್ ರದ್ದು ಅಲ್ಲ. ಎಲ್ಲ ಗಂಡಸರಿಗೂ ಮತ ಕೊಡಿ, ಶಾಸಕನಾಗಲು ಆಸ್ತಿ ಇರಬೇಕು ಅನ್ನುವ ನಿಯಮ ತೆಗೆಯಿರಿ, ಶಾಸಕರಿಗೆ ಸಂಬಳ ಕೊಡಿ ಅಂತಲೂ ಕೇಳಿತು. 1857ರ ಹೊತ್ತಿಗೆ ವಿಕ್ಟೋರಿಯಾದ ಕೆಳಮನೆಗೆ ಎಲ್ಲ ಗಂಡಸರಿಗೂ ಮತ ಬಂತು. ಬಂದೂಕು ಬೇಡ ಅಂದಿದ್ದಕ್ಕೆ ಹಂಫ್ರೇ ಕಥೆಯಲ್ಲಿ ಅಂಜುಬುರುಕನ ಪಾತ್ರಕ್ಕೆ ಇಳಿಯುತ್ತಾನೆ. ಹೀರೋ ಎತ್ತರವಾಗಿ ಕಾಣಬೇಕಾದರೆ ಪಕ್ಕದಲ್ಲಿ ಯಾರೋ ಒಬ್ಬ ಕುಳ್ಳನಾಗಿರಬೇಕಲ್ಲ! ಅವನೂ ಲಾಲರ್ ಜೊತೆಗೇ 1855ರಲ್ಲಿ ಶಾಸಕನಾದ ಅನ್ನೋದನ್ನು ಯಾರೂ ನೆನಪಿಸಿಕೊಳ್ಳಲ್ಲ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಕೋರ್ಟಿನ ಕಥೆ. ಹದಿಮೂರು ಜನರ ಮೇಲೆ ರಾಜದ್ರೋಹದ ಕೇಸ್ ಹಾಕಿದರು. ಸಾಬೀತಾದರೆ ಗಲ್ಲು. ಮೊದಲು ಕಟಕಟೆ ಹತ್ತಿಸಿದ್ದು ಜಾನ್ ಜೋಸೆಫ್‌ನನ್ನು, ಅಮೆರಿಕದಿಂದ ಬಂದ ಕಪ್ಪು ಮನುಷ್ಯ. ಬಿಳಿಯ ಅಮೆರಿಕನ್ನರ ಪರವಾಗಿ ಅವರ ದೇಶದ ಪ್ರತಿನಿಧಿಯಾದ ಕಾನ್ಸುಲ್ ಮಾತಾಡಿದ, ಇವನ ಪರವಾಗಿ ಮಾತಾಡಲಿಲ್ಲ. ಕಪ್ಪು ಮನುಷ್ಯನಿಗೆ ಜೂರಿ ಸುಲಭವಾಗಿ ಶಿಕ್ಷೆ ಕೊಡುತ್ತೆ, ಆ ಮೇಲೆ ಉಳಿದವರ ಕೇಸೂ ಸಲೀಸು ಅಂತ ಸರ್ಕಾರದ ಲೆಕ್ಕ ಇದ್ದಿರಬೇಕು ಅಂತ ನನಗನ್ನಿಸುತ್ತೆ. 1855ರ ಫೆಬ್ರುವರಿಯಲ್ಲಿ ಜೂರಿ ಬಿಡುಗಡೆ ಅಂದುಬಿಟ್ಟಿತು. ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೆಲ್ಬರ್ನ್ ಬೀದಿಗಳಲ್ಲಿ ಹೊತ್ತು ಮೆರೆಸಿದರು. ಉಳಿದ ಹನ್ನೆರಡು ಜನರೂ ಹೊರಗೆ ಬಂದರು. ಸರ್ಕಾರ ಗುಂಡಿನ ಕಾಳಗ ಗೆದ್ದು ಕೋರ್ಟಿನಲ್ಲಿ ಸೋತಿತು, ಆ ಸೋಲು ಶುರುವಾದದ್ದು ಜೋಸೆಫ್‌ನಿಂದ. ಲಾಲರ್ ಆಗ ಎಲ್ಲಿದ್ದ? ಅಡಗಿಕೊಂಡಿದ್ದ. ತಪ್ಪೇನಿಲ್ಲ, ನಾನಾಗಿದ್ದರೂ ಅಡಗುತ್ತಿದ್ದೆ. ಆದರೆ ಕ್ಯಾಮೆರಾ ಹೀರೋ ಹಿಂದೆಯೇ ಹೋಗಬೇಕು ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಕೋರ್ಟಿನ ಒಳಗೆ ನಡೆದದ್ದು ಯಾರಿಗೆ ಕಾಣುತ್ತೆ?

ಹೆಂಗಸರದ್ದೂ ಹೀಗೇ. ಆ ಬಾವುಟ ಹೊಲಿದವರು ಅನಸ್ತೇಷಿಯಾ ಹೇಯ್ಸ್, ಅನಸ್ತೇಷಿಯಾ ವಿದರ್ಸ್, ಆನ್ ಡ್ಯೂಕ್ ಎಂಬ ಮೂವರು ಅಂತ ಊರಲ್ಲಿ ಹೇಳಿಕೊಂಡು ಬಂದಿದ್ದಾರೆ. ಬಲ್ಲರಾಟ್ ಟೈಮ್ಸ್ ಸಂಪಾದಕ ಹೆನ್ರಿ ಸೀಕ್ಯಾಂಪ್ ಜೈಲಿಗೆ ಹೋದಾಗ ಹೆಂಡತಿ ಕ್ಲಾರಾ ಪತ್ರಿಕೆ ನಿಲ್ಲಿಸದೆ ನಡೆಸಿದಳು. ಟಿವಿಯಲ್ಲಿ ಹೆಂಗಸು ಅಂದರೆ ಗಾಯಕ್ಕೆ ಪಟ್ಟಿ ಕಟ್ಟಬೇಕು, ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳಬೇಕು. ಇನ್ನು ಆ ನೆಲ ಯಾರದ್ದಾಗಿತ್ತೋ ಆ ವಡವುರಂಗ್ ಜನರಿಗೆ ಕಥೆಯಲ್ಲಿ ಎಷ್ಟು ಜಾಗ ಸಿಗುತ್ತೆ ನೀವೇ ಊಹಿಸಿ.

ಒಂದು ಮುಖ ಇಲ್ಲದಿದ್ದರೆ ಜನ ನೋಡಲ್ಲ ಅನ್ನುವ ವಾದ ಒಪ್ಪಿಕೊಂಡರೆ ನಮಗೇ ನಷ್ಟ. ನಮ್ಮ ಕೆಜಿಎಫ್‌ನಲ್ಲಿ 1930ರಲ್ಲಿ ಬೆರಳಚ್ಚು ಕೊಡಬೇಕು ಎಂಬ ನಿಯಮಕ್ಕೆ ಸಿಟ್ಟಾಗಿ ಸಾವಿರಾರು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಲ್ಲಿ ಲೈಸೆನ್ಸ್ ಕಾಗದ, ಇಲ್ಲಿ ಹೆಬ್ಬೆರಳು. ಆ ಮುಷ್ಕರಕ್ಕೆ ಪೋಸ್ಟರಿಗೆ ಆಗುವಂಥ ಒಬ್ಬ ನಾಯಕ ಇಲ್ಲ. ಹೀರೋ ಇಲ್ಲ ಅಂತ ಆ ಕಥೆ ಯಾವತ್ತೂ ಟಿವಿಗೆ ಬರಬಾರದಾ?

ನನ್ನ ದೊಡ್ಡ ತಕರಾರು ಮಾತ್ರ ಬೇರೆ. ಒಬ್ಬನನ್ನು ಹೀರೋ ಮಾಡಿದ ಕೂಡಲೇ, ಅವನು ಹೀರೋ ಆಗಿ ಉಳಿದಿರುವಾಗಲೇ ಕಥೆ ಮುಗಿಸಬೇಕಾಗುತ್ತೆ. ಕೈ ಹೋಯಿತು, ಮದುವೆ ಆಯಿತು, ಶಾಸನ ಸಭೆಯ ಮೆಟ್ಟಿಲು ಹತ್ತಿದ, ಬಾವುಟ ಹಾರಿತು, ಶುಭಂ. ಆಮೇಲೆ ಏನಾಯಿತು?

1855ರಲ್ಲಿ ಲೈಸೆನ್ಸ್ ಹೋಗಿ ವರ್ಷಕ್ಕೆ 1 ಪೌಂಡಿನ ಮೈನರ್ಸ್ ರೈಟ್ ಎಂಬ ಗಣಿಗಾರರ ಹಕ್ಕುಪತ್ರ ಬಂತು, ಅದರ ಜೊತೆ ಮತದ ಹಕ್ಕೂ ಬಂತು. ಅದೇ ವರ್ಷ ಹಡಗಿನಲ್ಲಿ ಬರುವ ಪ್ರತಿ ಚೀನೀ ಗಣಿಗಾರನ ತಲೆಗೆ 10 ಪೌಂಡ್ ತೆರಿಗೆಯೂ ಬಂತು. ತೆರಿಗೆ ತಪ್ಪಿಸಿಕೊಳ್ಳಲು ಅವರು ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, ಗಣಿಯವರೆಗೆ ನೂರಾರು ಮೈಲಿ ನಡೆದೇ ಬಂದರು. ಇನ್ನು ಲಾಲರ್, ಆಸ್ತಿ ಇದ್ದವರಿಗೆ ಮತದಲ್ಲಿ ಹೆಚ್ಚು ಬಲ ಸಿಗುವ ನಿಯಮದ ಪರ ನಿಂತು ಹಳೇ ಜೊತೆಗಾರರ ಸಿಟ್ಟಿಗೆ ಗುರಿಯಾದ. ಮುಂದೆ ವಿಧಾನಸಭೆಯ ಸ್ಪೀಕರ್ ಆದ. ಮೆಲ್ಬರ್ನ್‌ನ ಉತ್ತರಕ್ಕೆ ಅವನ ಹೆಸರಿನ ಬಡಾವಣೆಯೇ ಇದೆ. ಲಾಲರ್ ಅನ್ನಬೇಕೋ ಲೇಲರ್ ಅನ್ನಬೇಕೋ ಅಂತ ಅಲ್ಲಿನವರೇ ಇನ್ನೂ ಒಪ್ಪಂದಕ್ಕೆ ಬಂದಿಲ್ಲ, ಅದಿರಲಿ.

ನನಗೆ ಧಾರಾವಾಹಿಯ ಕೊನೇ ಕಂತಾಗಿ ಬೇಕಿರುವುದು 1873ರ ಡಿಸೆಂಬರ್. ಬಲ್ಲರಾಟ್ ಹತ್ತಿರದ ಕ್ಲೂನ್ಸ್ ಊರು, ಲೋಥೇರ್ ಎಂಬ ಚಿನ್ನದ ಗಣಿ. ಕಾರ್ಮಿಕರು ಮುಷ್ಕರ ಕೂತಿದ್ದಾರೆ. ಕಂಪನಿ ಅವರ ಬದಲಿಗೆ ಚೀನೀ ಕೆಲಸಗಾರರನ್ನು ಪೊಲೀಸ್ ಕಾವಲಿನಲ್ಲಿ ಕುದುರೆ ಗಾಡಿಗಳಲ್ಲಿ ಕರೆಸುತ್ತಿದೆ. ಊರವರು ರಸ್ತೆಗೆ ಅಡ್ಡ ಕಟ್ಟಿ ಕಾಯುತ್ತಿದ್ದಾರೆ, ಹೆಂಗಸರ ಮಡಿಲಲ್ಲೂ ಕಲ್ಲು. ಮತ್ತೆ ಅದೇ ತಡೆಬೇಲಿ, ಅದೇ ಪೊಲೀಸರು. ಆದರೆ ಈ ಸಲ ಯಾರ ಪರ ನಿಲ್ಲಬೇಕು ಅಂತ ಗೊತ್ತಾಗಲ್ಲ. ಕಲ್ಲು ಬೀಸುವವರ ಹೊಟ್ಟೆಪಾಡಿನ ಸಿಟ್ಟು ನಿಜ, ಜೊತೆಗೆ ಚೀನೀಯರ ಮೇಲಿನ ದ್ವೇಷವೂ ನಿಜ. ಗಾಡಿಯೊಳಗೆ ತಲೆ ತಗ್ಗಿಸಿ ಕೂತವರು ಕೂಲಿಗೆ ಬಂದವರು, ಅವರ ತಪ್ಪೇನು? ಗಾಡಿಗಳು ಬಂದ ದಾರಿಯಲ್ಲೇ ವಾಪಸ್ ಹೋದವು. ಆ ಗಣಿ ಕಂಪನಿಯ ನಿರ್ದೇಶಕರಲ್ಲಿ ಒಬ್ಬ ಪೀಟರ್ ಲಾಲರ್.