ಹಿಮಕರಡಿಯ ಚಿತ್ರ ಬೇಡ, ನಮ್ಮ ಹೋಬಳಿಯ ಮಳೆಯ ಲೆಕ್ಕ ತನ್ನಿ

ನಿನ್ನೆ ನಮ್ಮ ಪಾವಗಡದಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಒಂದು ಉಪನ್ಯಾಸವಿತ್ತು. ಮಾತನಾಡಲು ಬಂದಿದ್ದ ಸಂಶೋಧನಾ ವಿದ್ಯಾರ್ಥಿನಿ ಮುಂಗಾರಿನ ಮೇಲೆ ಪಿಎಚ್‌.ಡಿ. ಮಾಡುತ್ತಿರುವವರು; ವಿಷಯ ಚೆನ್ನಾಗಿ ಗೊತ್ತು, ಕನ್ನಡವೂ ಸರಾಗ. ಆದರೂ ಮುಕ್ಕಾಲು ಗಂಟೆಯ ಕಾಲ ಪರದೆಯ ಮೇಲೆ ನಾವು ನೋಡಿದ್ದು ಕರಗುವ ಹಿಮದ ಮೇಲೆ ನಿಂತ ಹಿಮಕರಡಿ, ಭೂಮಿಯ ತಾಪಮಾನ ಏರಿಕೆಗೆ ಜಗತ್ತು ಹಾಕಿಕೊಂಡ 1.5 ಡಿಗ್ರಿಯ ಮಿತಿ, 2100ನೇ ಇಸವಿಯವರೆಗೆ ಏರುತ್ತಲೇ ಹೋಗುವ ಕೆಂಪು ಗೆರೆ. ಎದುರಿಗೆ ಕೂತಿದ್ದವರಲ್ಲಿ ಹೆಚ್ಚಿನವರು ಕಡಲೆಕಾಯಿ ಬೆಳೆಯುವವರು. ಕೆಲವರು ತಿರುಮಣಿ ಕಡೆಯ ಸೌರ ಪಾರ್ಕಿಗೆ ತಮ್ಮ ಹೊಲಗಳನ್ನು ಗುತ್ತಿಗೆಗೆ ಕೊಟ್ಟವರು. ಇಂಗಾಲ ತಗ್ಗಿಸಲು ಈ ದೇಶ ಕೈಗೊಂಡಿರುವ ದೊಡ್ಡ ಕೆಲಸಗಳಲ್ಲೊಂದಾದ ಆ 2,050 ಮೆಗಾವ್ಯಾಟ್ ಸ್ಥಾವರ ಇವರ ಹೊಲಗಳಲ್ಲೇ ಎದ್ದು ನಿಂತಿದೆ. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಸಿಟ್ಟು ಆ ಹುಡುಗಿಯ ಮೇಲಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಮಾತನಾಡಬೇಕೆಂದೇ ಅವರಿಗೆ ಯಾರೋ ಕಲಿಸಿದ್ದಾರೆ.

ಉಪನ್ಯಾಸ ಮುಗಿದ ಮೇಲೆ ಹಿರಿಯ ರೈತರೊಬ್ಬರು ಎದ್ದು ನಿಂತು, "ಅಮ್ಮಾ, ಆರಿದ್ರಾ ಮಳೆಗೇ ಬಿತ್ತೋದಾ, ಪುನರ್ವಸುಗೆ ಕಾಯೋದಾ? ಈಚೀಚೆಗೆ ಗಿಡ ಹೂವಾಗೋ ಹೊತ್ತಿಗೆ ಸರಿಯಾಗಿ ಮಳೆ ಕೈ ಕೊಡ್ತದೆ" ಎಂದರು. "ಅದನ್ನು ಕೃಷಿ ಇಲಾಖೆಯವರನ್ನು ಕೇಳಬೇಕು ಸರ್, ನನ್ನ ಕ್ಷೇತ್ರ ಅಲ್ಲ" ಎಂಬ ಉತ್ತರ ಬಂತು. ಆದರೆ ಅವರ ಪ್ರಬಂಧದ ವಿಷಯವೇ ಮುಂಗಾರಿನ ನಡುವೆ ಮಳೆ ನಿಂತುಹೋಗುವ ಒಣ ಅವಧಿಗಳು! ಆಮೇಲೆ ಟೀ ಕುಡಿಯುವಾಗ ಅವರೇ ಅದನ್ನು ವಿವರಿಸಿದರು, ಅದೂ ಎಷ್ಟು ಹುರುಪಿನಿಂದ! ರೈತ ಕೇಳಿದ ಪ್ರಶ್ನೆಯೂ ಸಂಶೋಧಕಿ ಹಗಲಿರುಳು ಕೂತು ಬಿಡಿಸುತ್ತಿರುವ ಪ್ರಶ್ನೆಯೂ ಒಂದೇ ಆಗಿದ್ದವು, ಇಬ್ಬರಿಗೂ ಅದು ತಿಳಿಯಲಿಲ್ಲ. ನನಗೆ ಸಹಿಸಲಾಗದ್ದು ಇದು.

ಒಂದು ನಕ್ಷತ್ರದ ಮಳೆಯೆಂದರೆ ಹದಿಮೂರು, ಹದಿನಾಲ್ಕು ದಿನ. ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟಿದರೆ ಪುನರ್ವಸು ಜುಲೈ ಮೊದಲ ವಾರ ದಾಟುವ ಹೊತ್ತಿಗೆ ಬರುತ್ತದೆ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆಯನ್ನು ಹೊರಡಿಸುತ್ತದೆ. ಅಂದರೆ ವಿಜ್ಞಾನವು ಇಂದು ಯಾವ ಅಳತೆಯಲ್ಲಿ ಮಳೆಯನ್ನು ಹೇಳಲು ಹೆಣಗುತ್ತಿದೆಯೋ, ನಮ್ಮ ರೈತರು ತಲೆಮಾರುಗಳಿಂದ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಯೋಚಿಸುತ್ತ ಬಂದಿದ್ದಾರೆ. ಯುವ ಸಂಶೋಧಕರೊಬ್ಬರು ಬಂದು, ಕಳೆದ ನಲವತ್ತು ವರ್ಷಗಳಲ್ಲಿ ನಿಮ್ಮ ಊರಿನ ಆರಿದ್ರಾದಲ್ಲಿ ಎಷ್ಟು ಮಳೆಯಾಯಿತು, ಅದರ ಬೆನ್ನಿಗೆ ಎಷ್ಟು ಸಲ ಮಳೆ ಕೈ ಕೊಟ್ಟಿತು ಎಂದು ತೋರಿಸಿದರೆ ಸಭೆಯಿಂದ ಒಬ್ಬರೂ ಎದ್ದು ಹೋಗುವುದಿಲ್ಲ.

ಈ ದಾರಿ ಹೊಸದೂ ಅಲ್ಲ. 2025ರಲ್ಲಿ ನಮ್ಮನ್ನಗಲಿದ ಸುಲೋಚನಾ ಗಾಡ್ಗೀಳ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನಕ್ಕೆ ಬದುಕನ್ನೇ ತೆತ್ತವರು, ಇದೇ ಪಾವಗಡ–ಅನಂತಪುರ ಸೀಮೆಯ ಕಡಲೆಕಾಯಿ ಬೆಳೆಗಾರರೊಂದಿಗೆ ಕೂತು ಕೆಲಸ ಮಾಡಿದ್ದರು. ಯಾವಾಗ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಬರದ ಹೊಡೆತ ಕಡಿಮೆಯಾದೀತು ಎಂಬ ಪ್ರಶ್ನೆಯನ್ನು ಹಿಡಿದು, ದಶಕಗಳ ಮಳೆಯ ದಾಖಲೆಯನ್ನೂ ಬೆಳೆಯ ಗಣಿತ ಮಾದರಿಯನ್ನೂ ಅದಕ್ಕೆ ಒಡ್ಡಿದ್ದರು. ಅಷ್ಟು ದೊಡ್ಡ ವಿಜ್ಞಾನಿಗೆ ರೈತರ ಪ್ರಶ್ನೆ ತನ್ನ ಕ್ಷೇತ್ರವೆನಿಸಿದ್ದರೆ, ಇಂದು ಪಿಎಚ್‌.ಡಿ. ಮಾಡುತ್ತಿರುವವರಿಗೆ ಅದು ಬೇರೆ ಇಲಾಖೆಯ ಕೆಲಸವೆಂದು ಅನಿಸುವಂತೆ ಮಾಡಿದವರು ಯಾರು?

ಮಾಹಿತಿಯ ಕೊರತೆಯೆಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ. ತಮ್ಮ ಪಂಚಾಯಿತಿಯಲ್ಲಿ ಬಿದ್ದ ಮಳೆಯ ಲೆಕ್ಕವನ್ನು ಬಿಟ್ಟು ಧ್ರುವ ಪ್ರದೇಶದ ಹಿಮದ ಲೆಕ್ಕವನ್ನು ರೈತರೇಕೆ ಕೇಳಬೇಕು?

2023ನ್ನು ನೆನಪಿಸಿಕೊಳ್ಳಿ. ದೇಶದಲ್ಲಿ ಮುಂಗಾರು ದೀರ್ಘಾವಧಿ ಸರಾಸರಿಯ ಶೇ. 96ರಷ್ಟು, ಅಂದರೆ ಹೆಚ್ಚುಕಡಿಮೆ ವಾಡಿಕೆಯಷ್ಟೇ, ಆದೀತೆಂದು ಏಪ್ರಿಲ್‌ನಲ್ಲೇ ಮುನ್ಸೂಚನೆ ಬಂದಿತ್ತು. ಕೊನೆಗೆ ಆದದ್ದು ಶೇ. 94. ಇಡೀ ದೇಶದ ಮಟ್ಟಿಗೆ ಇದು ತೀರಾ ತಪ್ಪಿದ ಲೆಕ್ಕವಲ್ಲ. ಆದರೆ ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು, ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. "ಒಳ್ಳೆ ಮಳೆ ಅಂದ್ರು, ಬರ ಬಂತು, ಇವರ ಮಾತು ನಂಬೋದು ಹೇಗೆ?" ಎಂದು ಜನ ಕೇಳಿದಾಗ, ದೇಶದ ಸರಾಸರಿಯಿಂದ ಒಂದು ತಾಲ್ಲೂಕಿನ ಮಳೆಯನ್ನು ಏಕೆ ಹೇಳಲಾಗದು, ನಾಲ್ಕು ತಿಂಗಳ ಮೊತ್ತದಲ್ಲಿ ಒಂದು ತಿಂಗಳ ಬರ ಹೇಗೆ ಮರೆಯಾಗುತ್ತದೆ ಎಂದು ಬಿಡಿಸಿ ಹೇಳಲು ಇಲ್ಲಿಗೆ ಯಾರೂ ಬರಲಿಲ್ಲ. ಆಗ ಕಳೆದುಹೋದ ನಂಬಿಕೆಯನ್ನು ಹಿಮಕರಡಿ ತಂದುಕೊಡುವುದಿಲ್ಲ.

ಕೆಲವು ಮಿತ್ರರು ನಿನ್ನೆಯೇ ಆಕ್ಷೇಪಿಸಿದರು: ಯುವ ವಿಜ್ಞಾನಿ ಅವಸರದಲ್ಲಿ ಒಂದು ಮಾತು ಹೆಚ್ಚು ಆಡಿದರೆ ಪತ್ರಿಕೆಗಳು ಅದನ್ನೇ ತಲೆಬರಹ ಮಾಡುತ್ತವೆ, ಆತನ ಭವಿಷ್ಯಕ್ಕೇ ಪೆಟ್ಟು ಬೀಳುತ್ತದೆ, ಸುಮ್ಮನಿರುವುದೇ ಕ್ಷೇಮ ಎಂದು. ಭಯ ನಿಜ, ಆದರೆ ಅದರಿಂದ ಪಾರಾಗುವ ದಾರಿ ಮೌನವಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ, ಇಂಥ ವಿಪರೀತ ಮಳೆ, ಬಿಸಿಲುಗಳಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟೆಂದು ಲೆಕ್ಕ ಹಾಕುವ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಬಳಗದ ವಿಜ್ಞಾನಿಗಳು ಸುಮಾರು ಎರಡು ವಾರಗಳೊಳಗೆ ತಮ್ಮ ಲೆಕ್ಕವನ್ನು ಜನರ ಮುಂದಿಟ್ಟರು. ತಾಪಮಾನ ಏರಿಕೆಯಿಂದ ಆ ದಿನದ ಮಳೆ ಸುಮಾರು ಶೇ. 10ರಷ್ಟು ಹೆಚ್ಚು ಬಿರುಸಾಯಿತು ಎಂದರು. ಗುಡ್ಡಗಾಡಿನ ಅಷ್ಟು ಸಣ್ಣ ಪ್ರದೇಶದ ಲೆಕ್ಕದಲ್ಲಿ ಅನಿಶ್ಚಿತತೆ ಹೆಚ್ಚೆಂಬುದನ್ನೂ ಮುಚ್ಚಿಡಲಿಲ್ಲ. ಗುಡ್ಡ ಕುಸಿಯಲು ಇಳಿಜಾರು, ಮಣ್ಣು, ನೆಲದ ಬಳಕೆ ಎಲ್ಲವೂ ಸೇರುತ್ತವೆ ಎಂದು ವಿವರಿಸಿದರೆ ಜನಕ್ಕೆ ಅರ್ಥವಾಗುವುದಿಲ್ಲವೇ? ಮೋಡ ನೋಡಿ ಬಿತ್ತುವ ಮನುಷ್ಯನಿಗೆ ಅನಿಶ್ಚಿತತೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಒಂದು ಡಿಗ್ರಿ ಬಿಸಿಯೇರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ ಎಂಬುದೂ ಅವನ ಅನುಭವಕ್ಕೆ ಹತ್ತಿರದ ಮಾತೇ.

ಇನ್ನೊಂದು ಮಾತನ್ನು ಇಲ್ಲಿ ಹೇಳಬಾರದೆಂದುಕೊಂಡಿದ್ದೆ. ನನ್ನ ಅಕ್ಕನ ಮಗ ಇದೇ ಕ್ಷೇತ್ರದಲ್ಲಿದ್ದಾನೆ. ಊರಿನ ಶಾಲೆಯಲ್ಲಿ ಮಳೆಯ ಬಗ್ಗೆ ಮಾತನಾಡಿ ಬರುತ್ತೇನೆಂದು ರಜೆ ಕೇಳಿದಾಗ ಅವನ ಮಾರ್ಗದರ್ಶಕರು, "ಮೊದಲು ಪೇಪರ್ ಬರಲಿ, ಆಮೇಲೆ ಸಮಾಜಸೇವೆ" ಎಂದರಂತೆ. ಅವನು ಮತ್ತೆ ಕೇಳಲಿಲ್ಲ. ನಾನು ಇಷ್ಟು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು. ಅವನಂಥ ಎಷ್ಟೋ ಮಕ್ಕಳಲ್ಲಿ ವಿಜ್ಞಾನದ ಆಸೆ ಹುಟ್ಟಿದ್ದು ಶಾಲೆಗೆ ಬಂದು ಮಾತನಾಡಿ ಹೋದ ಯಾರೋ ಒಬ್ಬರಿಂದ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ಸಮಾಜಸೇವೆಯೆಂದು ಬದಿಗೆ ಸರಿಸುವ ಹಿರಿಯರು ದಯವಿಟ್ಟು ಯೋಚಿಸಬೇಕು. ಪ್ರಬಂಧದ ಪ್ರಗತಿ ವರದಿಯಲ್ಲಿ ಇಂಥ ಒಂದು ದಿನಕ್ಕೂ ಲೆಕ್ಕ ಸಿಗುವಂತಾಗಬೇಕು.

ಈ ಬರಹವನ್ನು ಓದುವ ಯುವ ಸಂಶೋಧಕರಲ್ಲಿ ಒಂದು ಬೇಡಿಕೆ. ಮೃಗಶಿರಾ ಹುಟ್ಟುವ ಮೊದಲು ಒಂದು ಭಾನುವಾರ ಪಾವಗಡಕ್ಕೆ ಬನ್ನಿ. ಸಭಾಂಗಣ, ಮೈಕು, ಊಟ ನನ್ನ ಜವಾಬ್ದಾರಿ, ಜನರನ್ನೂ ನಾನೇ ಸೇರಿಸುತ್ತೇನೆ. ನಮ್ಮ ತಾಲ್ಲೂಕಿನ ಮಳೆಯ ದಾಖಲೆಯನ್ನು ನಕ್ಷತ್ರವಾರು ವಿಂಗಡಿಸಿಕೊಂಡು ಬನ್ನಿ. ನೀವು ಇಪ್ಪತ್ತು ನಿಮಿಷ ಮಾತನಾಡಿ, ಉಳಿದ ಹೊತ್ತನ್ನು ಪ್ರಶ್ನೆಗಳಿಗೆ ಬಿಡೋಣ. ಬರಲು ಮನಸ್ಸಿರುವವರು ಇನ್‌ಬಾಕ್ಸ್‌ಗೆ ಬರೆಯಿರಿ.