ಅವಳ ನಂಬಿಕೆಯನ್ನು ತೂಗಲು ನೀವು ಯಾರು?

ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಿಂದ ನಿನ್ನೆ ರಾತ್ರಿ ಬೀದರಿಗೆ ಮರಳಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಬೆಳಗಿನವರೆಗೆ ಕಾದೆ. ಇಳಿಯಲಿಲ್ಲ.

ಮಾಂಜ್ರಾ ದಂಡೆಯ ಊರು ಅದು. ನಮ್ಮ ಕ್ರೈಸ್ತ ಸಭೆಯ ಹೆಣ್ಣುಮಗಳೊಬ್ಬಳ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಗಂಡ ತೀರಿಕೊಂಡು ವರ್ಷವಾಗಿದೆ. ಎರಡೂವರೆ ಎಕರೆ ಹೊಲವನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಾಳೆ. 2025ರ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಸುರಿದ ಮಳೆ ನಮ್ಮ ಜಿಲ್ಲೆಗೆ ಏನು ಮಾಡಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅವಳ ಉದ್ದು ಕಪ್ಪಿಟ್ಟು ಬೂಸ್ಟು ಹಿಡಿಯಿತು. ಎಮ್ಮೆ ಕೊಟ್ಟಿಗೆಯಲ್ಲೇ ಸತ್ತಿತು. ಸೋಯಾ ಕಾಯಿಗಳನ್ನು ಬಿಡಿಸಿ ನನ್ನ ಅಂಗೈಗೆ ಹಾಕಿದಳು: ಗಿಡದಲ್ಲಿದ್ದಾಗಲೇ ಮೊಳಕೆಯೊಡೆದ ಕಾಳು, ಒಂದೊಂದಕ್ಕೂ ಬಿಳಿಯ ಬಾಲ, ಹುಳಿತ ವಾಸನೆ.

ಅಂಥವಳ ಮುಂದೆ ಕುಳಿತು, ಹೊರಗಿನಿಂದ ಬಂದ ಬೋಧಕರೊಬ್ಬರು ಹೇಳಿದ್ದು ಇದು: "ತಂಗೀ, ನಿನ್ನ ನಂಬಿಕೆಯಲ್ಲಿ ಎಲ್ಲೋ ಕೊರತೆಯಿದೆ. ಪೂರ್ಣವಾಗಿ ನಂಬಿದವರ ಹೊಲಕ್ಕೆ ಕರ್ತನೇ ಬೇಲಿ ಹಾಕುತ್ತಾನೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ಆಡಿಸಿದಳು. ತಪ್ಪೊಪ್ಪಿಕೊಂಡವಳ ಹಾಗೆ! ನನ್ನ ಎದೆಯಲ್ಲಿ ಕಿಚ್ಚು ಹತ್ತಿದ್ದು ಆಗ.

ಬೇಲಿಯ ಮಾತು ಸತ್ಯವೇದದಲ್ಲಿ ಇದೆ, ನಿಜ. ಯೋಬನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. ಯೋಬನ ಸುತ್ತಲೂ ನೀನು ಬೇಲಿ ಹಾಕಿದ್ದೀಯಲ್ಲ, ಅದಕ್ಕೇ ಅವನು ನಿನಗೆ ಭಯಪಡುತ್ತಾನೆ ಎಂದು ದೇವರಿಗೆ ಹೇಳಿದವನು ಸೈತಾನ. ಆ ಮಾತನ್ನು ಎತ್ತಿಕೊಂಡು ಎಮ್ಮೆ ಕಳೆದುಕೊಂಡ ವಿಧವೆಗೆ ಬೋಧಿಸುವುದೇ? ಆಮೇಲೆ ಯೋಬ ಮಕ್ಕಳು, ಆಸ್ತಿ ಎಲ್ಲವನ್ನೂ ಕಳೆದುಕೊಂಡಾಗ, ಅವನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಬಾಯಿ ತೆರೆದ ಮೇಲೆ ಅವರೂ ನಿನ್ನಲ್ಲೇ ತಪ್ಪಿರಬೇಕು ಎಂದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಆ ಗೆಳೆಯರ ಮೇಲೆ.

ಯೇಸು ಎಷ್ಟೋ ಜನರಿಗೆ "ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು" ಎಂದು ಹೇಳಲಿಲ್ಲವೇ ಎಂದು ಕೆಲವರು ಕೇಳುತ್ತೀರಿ. ಹೇಳಿದ್ದಾನೆ. ಆದರೆ ಅದು ಗುಣವಾದವರಿಗೆ ಹೇಳಿದ ಮಾತು. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂದವನೂ ಆತನೇ. ತನ್ನ ಶರೀರದಲ್ಲಿ ಮುಳ್ಳಿನಂತೆ ನಾಟಿದ್ದ ಬಾಧೆಯನ್ನು ತೆಗೆಯೆಂದು ಅಪೊಸ್ತಲ ಪೌಲನು ಮೂರು ಸಾರಿ ಬೇಡಿದ. ತೆಗೆಯಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಪೌಲನಿಗೂ ನಂಬಿಕೆಯ ಕೊರತೆಯಿತ್ತೇ?

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯವರು ಡಯಾಲಿಸಿಸ್‌ನಲ್ಲಿದ್ದ ಕಾಲದಲ್ಲಿ ನನಗೂ ಒಬ್ಬರು ಹೀಗೆಯೇ ಹೇಳಿದ್ದರು. ಮನೆಯವರು ತೀರಿಕೊಂಡ ಮೇಲೆ ಎಂಟು ತಿಂಗಳು ನನ್ನ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ. ಭಾನುವಾರ ಮಂಗಲಪೇಟೆಯ ಚರ್ಚ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ, ಹಾಡುವಾಗ ತುಟಿ ಮಾತ್ರ ಅಲುಗಾಡಿಸುತ್ತಿದ್ದೆ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು 88ನೇ ಕೀರ್ತನೆ. ಹಗಲೂ ರಾತ್ರಿ ಕೂಗಿ, ಕೊನೆಗೂ ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. ಸಮಾಧಾನದ ಒಂದು ಸಾಲೂ ಇಲ್ಲದ ಆ ಅಳುವನ್ನು ದೇವರು ತನ್ನ ಪುಸ್ತಕದಲ್ಲೇ ಉಳಿಸಿಕೊಂಡಿದ್ದಾನೆ. ಹಾಗಾದರೆ ನನ್ನ ಅಳುವಿಗೂ ಅಲ್ಲಿ ಜಾಗವಿದೆ ಎನ್ನಿಸಿತು. ನನ್ನ ಭರವಸೆ ಮತ್ತೆ ಚಿಗುರಿದ್ದು ಅಲ್ಲಿಂದ. ಅದಕ್ಕಾಗಿಯೇ ಹೇಳುತ್ತಿದ್ದೇನೆ: ಬೇಲಿ ಸಿಕ್ಕಿತೆಂದು ನಂಬಿದವಳಲ್ಲ ನಾನು. ಬೇಲಿ ಮುರಿದ ಮೇಲೂ ಆತ ಹೊಲದಲ್ಲೇ ನಿಂತಿದ್ದನೆಂದು ನಂಬಿದವಳು.

ಬೋಧಕರ ಗಾಡಿ ಹೊರಟ ಮೇಲೆ ನಾನು ಅಲ್ಲೇ ಉಳಿದೆ. ಪಕ್ಕದ ಮನೆಯ ಕಾಕಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಪುಂಡಿ ಪಲ್ಯ ತಂದಿಟ್ಟು ಏನೂ ಮಾತಾಡದೆ ಹೋದರು. ಉಂಡಾದ ಮೇಲೆ ಅವಳೇ ಏನಾದರೂ ಓದು ಎಂದಳು. ಹಬಕ್ಕೂಕನ ಮೂರನೇ ಅಧ್ಯಾಯದ ಕೊನೆ ಓದಿದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಎಂಬಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅಕ್ಕಾ, ಇವನು ರೈತನೇನು?"

"ಪ್ರವಾದಿ."

"ಆಮೇಲೆ ಏನೆನ್ನುತ್ತಾನೆ?"

"ಆದರೂ ಕರ್ತನಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ."

ಬಹಳ ಹೊತ್ತು ಸುಮ್ಮನಿದ್ದಳು. "ಸಂತೋಷ ನನಗೆ ಇನ್ನೂ ಬಂದಿಲ್ಲ ಅಕ್ಕಾ. ಆ 'ಆದರೂ' ಇದೆಯಲ್ಲ, ಅಲ್ಲಿಯವರೆಗೆ ಬಂದಿದ್ದೇನೆ" ಎಂದು ಒಂದು ಬೆಂಕಿಕಡ್ಡಿಯನ್ನು ಆ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದಳು.

ಇಂಥವಳ ನಂಬಿಕೆಯಲ್ಲಿ ಕೊರತೆಯಂತೆ!

ಬೆಳೆ ಪರಿಹಾರದ ಅರ್ಜಿಗೆ ಬೇಕಾದ ಪಹಣಿ ಇನ್ನೂ ಅವಳ ಗಂಡನ ಹೆಸರಿನಲ್ಲೇ ಇದೆ. ಆ ಕೆಲಸಕ್ಕಾಗಿ ಸೋಮವಾರ ಶಾಲೆಗೆ ರಜೆ ಹಾಕಿದ್ದೇನೆ. ಬೆಳಗಿನ ಬಸ್ಸಿಗೆ ಭಾಲ್ಕಿಗೆ ಹೋಗುತ್ತೇನೆ, ಅವಳು ಹಳ್ಳಿಯಿಂದ ನೇರ ಅಲ್ಲಿಗೇ ಬರುತ್ತಾಳೆ.